ಓಡುತ್ತಿರುವ ಕ್ಲಸ್ಟರಿಗೆ ಕೈ ಹಾಕುವಾಗ

(ಕಲಬುರಗಿಯಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತಿನ ಮಾತೆಲ್ಲ ಒಂದೇ ಕಮಾಂಡಿನ ಸುತ್ತ: ಕುಬ್‌ಸಿಟಿಎಲ್ ಎಡಿಟ್. ಕುಬರ್ನೆಟೀಸ್ ಅಂದರೆ ಹಲವು ಯಂತ್ರಗಳನ್ನು ಒಂದು ಗುಂಪಾಗಿ, ಅಂದರೆ ಕ್ಲಸ್ಟರ್ ಆಗಿ, ಸೇರಿಸಿ ಅವುಗಳ ಮೇಲೆ ಆ್ಯಪ್‌ಗಳನ್ನು ಓಡಿಸುವ ವ್ಯವಸ್ಥೆ. ಕುಬ್‌ಸಿಟಿಎಲ್ ಅದಕ್ಕೆ ಆದೇಶ ಕೊಡುವ ಉಪಕರಣ, ಎಡಿಟ್ ಅಂದರೆ ಓಡುತ್ತಿರುವುದರ ಸೆಟ್ಟಿಂಗನ್ನು ಅಲ್ಲೇ ತಿದ್ದುವುದು. ಕುಬರ್ನೆಟೀಸ್ 1.0 ಬಂದದ್ದು 2015ರ ಜುಲೈಯಲ್ಲಿ. ಅಲ್ಲಿಂದೀಚೆಗೆ ಅದರ ಸುತ್ತ ಏನೇನೋ ಉಪಕರಣಗಳು ಬೆಳೆದಿವೆ. ಆದರೂ ರಾತ್ರಿ ಸೇವೆ ನಿಂತು ಫೋನ್ ಬಂದಾಗ ಬೆರಳು ಹೋಗುವುದು ಇದರ ಕಡೆಗೇ. ಇದನ್ನು ಮುಟ್ಟಲೇಬೇಡಿ ಎನ್ನುವವರು ಬಹಳ. ನಾನು ಹಾಗನ್ನುವುದಿಲ್ಲ. ಮುಟ್ರಿ. ಆದರೆ ಮುಟ್ಟಿದ್ದು ಎಲ್ಲಿ ಹೋಗಿ ಕೂತಿತು, ಎಷ್ಟು ದಿನ ಉಳಿಯುತ್ತದೆ, ಯಾರು ಅದನ್ನು ಅಳಿಸಿಬಿಡಬಹುದು ಅನ್ನುವುದು ತಿಳಿದಿರಲಿ.

ಒಂದು ಉದಾಹರಣೆ ಹಿಡಿಯೋಣ. ನಮ್ಮ ಗಂಜಿನ (ಮಾರುಕಟ್ಟೆಯ) ತೊಗರಿ ದರವನ್ನು ರೈತರ ಮೊಬೈಲಿಗೆ ಮುಟ್ಟಿಸುವ ಆ್ಯಪ್ ಒಂದಿದೆ ಎಂದುಕೊಳ್ರಿ. ಅದರ ಡಿಪ್ಲಾಯ್‌ಮೆಂಟ್ ಹೆಸರು ‘ತೊಗರಿ-ದರ’. ಆ್ಯಪಿನ ಎಷ್ಟು ಪ್ರತಿ, ಹೇಗೆ ಓಡಬೇಕು ಎಂಬ ವಿವರಣೆಯೇ ಡಿಪ್ಲಾಯ್‌ಮೆಂಟ್, ಓಡುವ ಒಂದೊಂದು ಪ್ರತಿಯೇ ಪಾಡ್. ರಾಶಿ ಮುಗಿದು ಮಾಲು ಬರತೊಡಗಿದ ದಿನಗಳಲ್ಲಿ ಆಳಂದ, ಜೇವರ್ಗಿ, ಚಿಂಚೋಳಿ, ಸೇಡಂ ಕಡೆಯವರೆಲ್ಲ ಬೆಳಿಗ್ಗೆ ಒಮ್ಮೆಲೇ ದರ ನೋಡುತ್ತಾರೆ. ಪಾಡ್‌ಗಳು ಬೀಳತೊಡಗುತ್ತವೆ. ಡಿಸ್ಕ್ರೈಬ್ ಮಾಡಿದರೆ ‘ಓಓಎಂ ಕಿಲ್ಡ್’, ಎಕ್ಸಿಟ್ ಕೋಡ್ 137, ಅಂದರೆ ಮೆಮೊರಿ ಸಾಲದೆ ಸತ್ತದ್ದು. ಮೆಮೊರಿ ಮಿತಿ 256 ಎಂಐ (ಮೆಬಿಬೈಟ್, ಹೆಚ್ಚುಕಡಿಮೆ ಮೆಗಾಬೈಟ್) ಇಟ್ಟದ್ದು ಸಾಲುತ್ತಿಲ್ಲ. ಅದನ್ನು 512 ಮಾಡಬೇಕು.

ಕಮಾಂಡ್ ಹೊಡೆದ ಕೂಡಲೇ ಕುಬ್‌ಸಿಟಿಎಲ್ ಎಪಿಐ ಸರ್ವರನ್ನು (ಕ್ಲಸ್ಟರಿಗೆ ಬರುವ ಕೋರಿಕೆಗಳನ್ನು ಸ್ವೀಕರಿಸುವ ಭಾಗವನ್ನು) ಕೇಳಿ ಆ ಡಿಪ್ಲಾಯ್‌ಮೆಂಟಿನ ಈಗಿನ ಸ್ಥಿತಿಯನ್ನು ತರುತ್ತದೆ, ಯಾಮಲ್ (ಸೆಟ್ಟಿಂಗ್ ಬರೆಯುವ ಒಂದು ಪಠ್ಯ ವಿನ್ಯಾಸ) ರೂಪದಲ್ಲಿ ಒಂದು ತಾತ್ಕಾಲಿಕ ಫೈಲಿಗೆ ಬರೆದು ಎಡಿಟರ್ ತೆರೆಯುತ್ತದೆ. ಯಾವ ಎಡಿಟರ್ ಎಂಬುದನ್ನು ‘ಕ್ಯೂಬ್ ಎಡಿಟರ್’ ಅಥವಾ ‘ಎಡಿಟರ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಹೇಳುತ್ತದೆ. ಎರಡೂ ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ವಿಐ, ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್. ವಿಎಸ್ ಕೋಡ್ ಬಳಸುವವರು ಅದಕ್ಕೆ ‘ವೇಟ್’ ಆಯ್ಕೆಯನ್ನು ಸೇರಿಸಲೇಬೇಕು. ಇಲ್ಲವಾದರೆ ಕಿಟಕಿ ತೆರೆದ ಕ್ಷಣವೇ ನೀವು ಮುಗಿಸಿದಿರಿ ಎಂದು ತಿಳಿದು, ಬದಲಾವಣೆ ಏನೂ ಇಲ್ಲ ಎಂದು ಹೇಳಿ ಅದು ಎದ್ದು ಹೋಗುತ್ತದೆ.

ನೀವು ಸೇವ್ ಮಾಡಿ ಹೊರಬಂದಾಗ ಇಡೀ ಫೈಲು ಹೋಗುವುದಿಲ್ಲ. ಮೊದಲಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸ ಮಾತ್ರ ಪ್ಯಾಚ್ ಆಗಿ ಹೋಗುತ್ತದೆ. ಸರ್ವರಿಗೆ ಅದು ಒಪ್ಪಿಗೆಯಾಗದಿದ್ದರೆ ಫೈಲು ಮತ್ತೆ ತೆರೆದುಕೊಳ್ಳುತ್ತದೆ, ತಪ್ಪೇನು ಎಂಬುದು ಮೇಲೆ ಕಾಮೆಂಟ್ ಸಾಲುಗಳಲ್ಲಿ ಇರುತ್ತದೆ. ಆ ಸಾಲುಗಳನ್ನು ಓದ್ರಿ. ಗಾಬರಿಯಲ್ಲಿ ಯಾರೂ ಓದುವುದಿಲ್ಲ, ಉತ್ತರ ಮಾತ್ರ ಬಹುತೇಕ ಅಲ್ಲೇ ಇರುತ್ತದೆ.

ಈಗ ಮೆಮೊರಿಯ ಆ ಒಂದು ಸಾಲನ್ನೇ ಹತ್ತಿರದಿಂದ ನೋಡ್ರಿ. 512ರ ಮುಂದೆ ದೊಡ್ಡ ಅಕ್ಷರದ ಎಂ, ಸಣ್ಣ ಅಕ್ಷರದ ಐ ಇರಬೇಕು. ಅವಸರದಲ್ಲಿ ಸಣ್ಣ ಎಂ ಒಂದನ್ನೇ ಹಾಕಿದರೆ ಕುಬರ್ನೆಟೀಸಿನ ಲೆಕ್ಕದಲ್ಲಿ ಅದು ಸಾವಿರದಲ್ಲೊಂದು ಪಾಲು. ಅಂದರೆ ನೀವು ಕೇಳಿದ್ದು 512 ಮೆಗಾಬೈಟ್ ಅಲ್ಲ, ಅರ್ಧ ಬೈಟ್‌ನಷ್ಟು! ಮೆಮೊರಿ ರಿಕ್ವೆಸ್ಟ್ (ಕನಿಷ್ಠ ಇಷ್ಟು ಬೇಕೆಂಬ ಕೋರಿಕೆ) ಮೊದಲೇ ಬರೆದಿದ್ದರೆ, ಮಿತಿ ಅದಕ್ಕಿಂತ ಕಡಿಮೆ ಆಯಿತೆಂದು ಸರ್ವರ್ ತಡೆಯುತ್ತದೆ. ರಿಕ್ವೆಸ್ಟ್ ಬರೆಯದೆ ಬಿಟ್ಟಿದ್ದರೆ ಆ ತಡೆಯೂ ಇಲ್ಲ. ಸಿಪಿಯುಗೆ ಇದೇ ಸಣ್ಣ ಎಂ ಸರಿಯಾದದ್ದು, ಗೊಂದಲ ಹುಟ್ಟುವುದು ಅದರಿಂದಲೇ.

ಸೇವ್ ಆಯಿತು. ಪಾಡ್ ಟೆಂಪ್ಲೇಟ್ ಬದಲಾದದ್ದರಿಂದ ಹೊಸ ರೆಪ್ಲಿಕಾಸೆಟ್ (ಪಾಡ್‌ಗಳ ಸಂಖ್ಯೆ ಕಾಯುವ ಭಾಗ) ಹುಟ್ಟಿ, ಹಳೆಯ ಪಾಡ್‌ಗಳು ಸ್ವಲ್ಪ ಸ್ವಲ್ಪವಾಗಿ ಹೋಗಿ ಹೊಸವು ಬರುತ್ತವೆ. ‘ರೋಲೌಟ್ ಸ್ಟೇಟಸ್’ ಹಾಕಿ ಕೊನೆಯವರೆಗೂ ಕಾಯ್ರಿ. ಕೆಟ್ಟರೆ ‘ರೋಲೌಟ್ ಅನ್‌ಡೂ’ ಇದೆ. ಆದರೆ ಅದು ಹಿಂದಕ್ಕೆ ತರುವುದು ಪಾಡ್ ಟೆಂಪ್ಲೇಟನ್ನು ಮಾತ್ರ. ರೆಪ್ಲಿಕಾ ಸಂಖ್ಯೆಯನ್ನು ಎಡಿಟ್‌ನಲ್ಲಿ ಬದಲಿಸಿದ್ದರೆ ಅದು ಹಾಗೇ ಉಳಿಯುತ್ತದೆ.

ಡಿಪ್ಲಾಯ್‌ಮೆಂಟ್ ಬಿಟ್ಟು ಪಾಡನ್ನೇ ನೇರವಾಗಿ ತೆರೆದರೆ ಹೆಚ್ಚಿನದು ಬದಲಾಗುವುದಿಲ್ಲ. ಇಮೇಜ್ (ಆ್ಯಪಿನ ಕಟ್ಟು) ಬದಲಿಸಬಹುದು, ಟಾಲರೇಶನ್ (ನಿರ್ಬಂಧವಿರುವ ಯಂತ್ರದಲ್ಲೂ ಓಡಲು ಬಿಡುವ ಅನುಮತಿ) ಸೇರಿಸಬಹುದು, ಇನ್ನೊಂದೆರಡು. ಕಾನ್ಫಿಗ್‌ಮ್ಯಾಪಿನ ಕಥೆ ಬೇರೆ (ಆ್ಯಪಿನ ಸೆಟ್ಟಿಂಗ್‌ಗಳನ್ನು ಇಡುವ ಜಾಗ ಅದು): ಬದಲಾವಣೆ ಕೂಡಲೇ ಉಳಿಯುತ್ತದೆ, ಆದರೆ ಅದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಓದಿಕೊಂಡ ಪಾಡ್‌ಗೆ ಸುದ್ದಿಯೇ ಇರುವುದಿಲ್ಲ. ‘ರೋಲೌಟ್ ರಿಸ್ಟಾರ್ಟ್’ ಕೊಡಬೇಕು. ಸೀಕ್ರೆಟ್‌ನಲ್ಲಿ (ಗುಟ್ಟಿನ ಮಾಹಿತಿ ಇಡುವ ಜಾಗ) ಮೌಲ್ಯಗಳು ಬೇಸ್64 ಎಂಬ ಅಕ್ಷರರೂಪದಲ್ಲಿರುತ್ತವೆ, ಪಾಸ್‌ವರ್ಡ್ ಪರಿವರ್ತಿಸುವಾಗ ಕೊನೆಯಲ್ಲಿ ಒಂದು ಹೊಸ ಸಾಲು ಅಂಟಿಕೊಂಡು ಬಂದರೆ ಲಾಗಿನ್ ಆಗುವುದೇ ಇಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಬೀಳುವ ತಪ್ಪುಗಳು. ನನ್ನ ಚಿಂತೆ ಎಡಿಟ್ ಸರಿಯಾಗಿ ಕೆಲಸ ಮಾಡಿದ ದಿನದ್ದು. ಆ್ಯಪ್ ಎದ್ದಿತು, ಎಲ್ಲರೂ ಮಲಗಿದರು. ಕ್ಲಸ್ಟರಿನಲ್ಲಿ 512 ಇದೆ, ಗಿಟ್‌ನಲ್ಲಿರುವ ಫೈಲಿನಲ್ಲಿ ಇನ್ನೂ 256. ಗಿಟ್ ಅಂದರೆ ತಂಡದ ಮೂಲ ಫೈಲುಗಳನ್ನು ಬದಲಾವಣೆಯ ದಾಖಲೆ ಸಮೇತ ಇಡುವ ಕಡೆ. ವಾರದ ನಂತರ ಮತ್ತೊಬ್ಬರು ಬೇರೇನೋ ಸಣ್ಣ ಬದಲಾವಣೆಗೆಂದು ‘ಅಪ್ಲೈ’ ಕೊಡುತ್ತಾರೆ, ಅಂದರೆ ಆ ಫೈಲನ್ನು ಕ್ಲಸ್ಟರಿಗೆ ಹಾಕುತ್ತಾರೆ. 256 ತಿರುಗಿ ಬರುತ್ತದೆ. ಮುಂದಿನ ಬೆಳಿಗ್ಗೆ ಪಾಡ್‌ಗಳು ಮತ್ತೆ ಬೀಳುತ್ತವೆ, ಅಪ್ಲೈ ಮಾಡಿದ ಆ ಹುಡುಗಿಗೆ ಕಾರಣವೇ ತಿಳಿಯುವುದಿಲ್ಲ. ಅವಳು ಮೆಮೊರಿಯನ್ನು ಮುಟ್ಟೇ ಇಲ್ಲವಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ, ಅದನ್ನು ಬಹಳ ಮಂದಿ ಗಮನಿಸುವುದಿಲ್ಲ. ಅದೇ ರಾತ್ರಿ ತನಿಖೆಗೆಂದು ಡೀಬಗ್ ಲಾಗ್ ಹಚ್ಚುವ ಹೊಸ ವೇರಿಯಬಲ್ ಒಂದನ್ನೂ ಎಡಿಟ್‌ನಲ್ಲೇ ಸೇರಿಸಿದಿರಿ ಎಂದುಕೊಳ್ರಿ. ಮುಂದಿನ ಅಪ್ಲೈ ಅದನ್ನು ಅಳಿಸುತ್ತದೆಯೇ? ಇಲ್ಲ. ಅಪ್ಲೈ ಮೂರನ್ನು ತಾಳೆ ನೋಡುತ್ತದೆ: ನಿಮ್ಮ ಫೈಲು, ಕ್ಲಸ್ಟರಿನ ಈಗಿನ ಸ್ಥಿತಿ, ಮತ್ತು ಹಿಂದಿನ ಅಪ್ಲೈ ತಾನು ಬರೆದಿಟ್ಟ ಪ್ರತಿ. ಆ ಪ್ರತಿ ‘ಲಾಸ್ಟ್ ಅಪ್ಲೈಡ್ ಕಾನ್ಫಿಗರೇಶನ್’ ಎಂಬ ಟಿಪ್ಪಣಿ, ಅಂದರೆ ಅನೋಟೇಶನ್‌ನಲ್ಲಿರುತ್ತದೆ. ಫೈಲಿನಲ್ಲಿದ್ದದ್ದನ್ನು ಹಾಕುತ್ತದೆ. ಹಿಂದೆ ತಾನೇ ಹಾಕಿ ಈಗ ಫೈಲಿನಲ್ಲಿಲ್ಲದ್ದನ್ನು ತೆಗೆಯುತ್ತದೆ. ಎರಡರಲ್ಲೂ ಇಲ್ಲದ್ದು ತನ್ನದಲ್ಲವೆಂದು ಬಿಟ್ಟುಬಿಡುತ್ತದೆ. ನೀವು ಸಾಮಾನ್ಯ ರೀತಿಯಲ್ಲಿ ಮಾಡಿದ ಎಡಿಟ್ ಆ ಪ್ರತಿಯಲ್ಲಿ ದಾಖಲಾಗುವುದಿಲ್ಲ. ಹಾಗಾಗಿ ನಿಮ್ಮ ಮೆಮೊರಿ ತಿದ್ದುಪಡಿ ಅಳಿಯಿತು, ಡೀಬಗ್ ವೇರಿಯಬಲ್ ಮಾತ್ರ ತಿಂಗಳುಗಟ್ಟಲೆ ಉಳಿದು ಲಾಗ್ ತುಂಬಿಸುತ್ತಾ ಹೋಯಿತು. ಉಳಿಯಬೇಕಾದದ್ದು ಹೋಯಿತು, ಹೋಗಬೇಕಾದದ್ದು ಉಳಿಯಿತು. ಯಾವ ಫೈಲು ಹುಡುಕಿದರೂ ಆ ವೇರಿಯಬಲ್ ಸಿಗುವುದಿಲ್ಲ.

ಆಟೋಸ್ಕೇಲರ್ (ಒತ್ತಡ ನೋಡಿ ಪಾಡ್‌ಗಳ ಸಂಖ್ಯೆ ಏರಿಳಿಸುವುದು) ಇದ್ದಲ್ಲಿ ನೀವು ಬರೆದ ರೆಪ್ಲಿಕಾ ಸಂಖ್ಯೆಯನ್ನು ಅದು ತನ್ನ ಲೆಕ್ಕಕ್ಕೆ ತಿರುಗಿಸುತ್ತದೆ. ಕ್ಲಸ್ಟರನ್ನು ಗಿಟ್‌ಗೆ ತಕ್ಕಂತೆ ಇಡುವ ಆರ್ಗೋ ಸಿಡಿಯಲ್ಲಿ ಸೆಲ್ಫ್ ಹೀಲ್ ಹಚ್ಚಿದ್ದರೆ ಗಿಟ್‌ನಲ್ಲಿ ಬರೆದದ್ದಕ್ಕಿಂತ ಬೇರೆಯಾದ ನಿಮ್ಮ ಬದಲಾವಣೆ ತುಸು ಹೊತ್ತಿನಲ್ಲೇ ಹಿಂದೆ ಹೋಗುತ್ತದೆ. ಅಂಥ ಕಡೆ ಎಡಿಟ್ ಜತೆ ಗುದ್ದಾಡಬೇಡ್ರಿ, ಗಿಟ್‌ಗೇ ಹೋಗ್ರಿ.

ಎಡಿಟ್‌ಗೆ ಮೊದಲು ‘ಕರೆಂಟ್ ಕಾಂಟೆಕ್ಸ್ಟ್’ (ನಿಮ್ಮ ಕಮಾಂಡ್ ಈಗ ಯಾವ ಕ್ಲಸ್ಟರಿಗೆ ಹೋಗುತ್ತದೆ ಎಂಬುದು) ನೋಡಿಕೊಳ್ರಿ, ಟೆಸ್ಟ್ ಎಂದು ತಿಳಿದು ಪ್ರೊಡಕ್ಷನ್ನಿಗೆ ಕೈ ಹಾಕಿದರೆ ಬೇರೆ ಯಾವ ಎಚ್ಚರವೂ ಉಪಯೋಗಕ್ಕೆ ಬಾರದು. ಇದ್ದದ್ದನ್ನು ‘ಗೆಟ್’ ಮಾಡಿ ಯಾಮಲ್ ಆಗಿ ಒಂದು ಫೈಲಿಗೆ ಉಳಿಸಿಡ್ರಿ. ಕೆಲಸವಾದ ಮೇಲೆ, ಎಷ್ಟೇ ರಾತ್ರಿಯಾಗಿರಲಿ, ಗಿಟ್ ಫೈಲಿನ ಮೇಲೆ ‘ಕುಬ್‌ಸಿಟಿಎಲ್ ಡಿಫ್’ ಓಡಿಸ್ರಿ. ಈಗ ಅಪ್ಲೈ ಕೊಟ್ಟರೆ ಏನು ಬದಲಾಗುತ್ತದೆ ಎಂದು ಅದು ತೋರಿಸುತ್ತದೆ. 512 ಹೋಗಿ 256 ಬರುತ್ತದೆ ಎಂದು ಅಲ್ಲೇ ಕಾಣುತ್ತದೆ. ಆದರೆ ಡೀಬಗ್ ವೇರಿಯಬಲ್ ಅಲ್ಲಿ ವ್ಯತ್ಯಾಸವಾಗಿ ಕಾಣುವುದಿಲ್ಲ, ಯಾಕೆಂದರೆ ಅಪ್ಲೈ ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಹಿಡಿಯಲು ‘ಗೆಟ್’ ಜತೆಗೆ ‘ಶೋ ಮ್ಯಾನೇಜ್ಡ್ ಫೀಲ್ಡ್ಸ್’ ಹಾಕ್ರಿ. ಯಾವ ಫೀಲ್ಡನ್ನು ಯಾವ ಉಪಕರಣ ಬರೆಯಿತು ಎಂಬ ದಾಖಲೆ ಅಲ್ಲಿದೆ, ‘ಕುಬ್‌ಸಿಟಿಎಲ್-ಎಡಿಟ್’ ಎಂಬ ಹೆಸರಿನಡಿ ನಿಮ್ಮ ಕೈಬರಹವೆಲ್ಲ ಸಿಗುತ್ತದೆ.

ಈಗ ಪ್ರಯೋಗಕ್ಕೆ ಹೋಗೋಣ. ಕ್ಲೌಡ್ ಖಾತೆ ಬೇಡ, ಎರಡು ಸಿಪಿಯು, 2 ಜಿಬಿ ಖಾಲಿ ಮೆಮೊರಿ, 20 ಜಿಬಿ ಡಿಸ್ಕ್ ಇದ್ದ ಲ್ಯಾಪ್‌ಟಾಪಿನಲ್ಲಿ ಮಿನಿಕ್ಯೂಬ್ (ಒಂದೇ ಯಂತ್ರದಲ್ಲಿ ಕಲಿಯಲು ಪುಟ್ಟ ಕ್ಲಸ್ಟರ್ ಹಚ್ಚುವ ಉಪಕರಣ) ಓಡುತ್ತದೆ. ಒಂದು ಡಿಪ್ಲಾಯ್‌ಮೆಂಟನ್ನು ಫೈಲಿನಿಂದ ಅಪ್ಲೈ ಮಾಡ್ರಿ. ಎಡಿಟ್‌ನಲ್ಲಿ ಮೆಮೊರಿ ಮಿತಿ ಬದಲಿಸ್ರಿ, ಒಂದು ಹೊಸ ವೇರಿಯಬಲ್ ಸೇರಿಸ್ರಿ. ಆಮೇಲೆ ಅದೇ ಹಳೆಯ ಫೈಲನ್ನು ಮತ್ತೆ ಅಪ್ಲೈ ಮಾಡಿ, ಏನು ಉಳಿಯಿತು, ಏನು ಹೋಯಿತು ನೀವೇ ನೋಡ್ರಿ.