ರಾಬರ್ಟ್ ಲಿನ್ ಮತ್ತು ಸೂರ್ಯನ ಎಕ್ಸ್-ಕಿರಣ

ಕೇಳುಗರಿಗೆ ನಮಸ್ಕಾರ.

ಈ ಮಾತನ್ನು ನೀವು ಎಫ್‌ಎಂನಲ್ಲಿ ಕೇಳುತ್ತಿದ್ದರೆ ಸೂರ್ಯನಿಂದ ತೊಂದರೆಯೇನಿಲ್ಲ. ಶಾರ್ಟ್‌ವೇವ್ ಆಗಿದ್ದರೆ ಸಂಗತಿಯೇ ಬೇರೆ. ಹಗಲು ಹೊತ್ತಿನಲ್ಲಿ ಸೂರ್ಯನ ಮೇಲೆ ದೊಡ್ಡ ಜ್ವಾಲೆ ಸಿಡಿದರೆ, ಅದರ ಎಕ್ಸ್-ಕಿರಣ ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು ಅಯಾನುಗೋಳದ, ಅಂದರೆ ವಾತಾವರಣದ ಮೇಲ್ಭಾಗದಲ್ಲಿ ವಿದ್ಯುತ್ ಕಣಗಳಿರುವ ವಲಯದ, ಕೆಳಪದರವನ್ನು ದಟ್ಟವಾಗಿಸುತ್ತದೆ. ದೂರದ ನಿಲ್ದಾಣಗಳ ದನಿಯನ್ನು ಆ ಪದರ ನುಂಗಿಬಿಡುತ್ತದೆ. ರೇಡಿಯೋ ಕೆಟ್ಟಿತೆಂದು ಅದರ ತಲೆಗೆ ತಟ್ಟಿ ಫಲವಿಲ್ಲ.

ಆ ಕಿರಣ ಅಲ್ಲೇ ಮೇಲೆ ಮುಗಿದುಹೋಗುತ್ತದೆ, ನೆಲಕ್ಕೆ ಇಳಿಯುವುದಿಲ್ಲ. ಚಾಮುಂಡಿ ಬೆಟ್ಟದ ತುದಿಯಲ್ಲಿ ಎಂಥ ದೂರದರ್ಶಕ ನೆಟ್ಟರೂ ಅದು ಸಿಗದು. ಉಪಕರಣವೇ ಮೇಲಕ್ಕೆ ಹೋಗಬೇಕು. ಹಾಗೆ ಉಪಕರಣ ಕಟ್ಟಿ ಮೇಲಕ್ಕೆ ಕಳಿಸುವುದರಲ್ಲೇ ಬದುಕು ಕಳೆದವರು ರಾಬರ್ಟ್ ಲಿನ್. 1942ರಲ್ಲಿ ಚೀನಾದಲ್ಲಿ ಹುಟ್ಟಿದರು, 1967ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಪಿಎಚ್‌ಡಿ ಮುಗಿಸಿದರು, 2012ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅಪೊಲೊ 15 ಮತ್ತು 16ರ ಯಾತ್ರಿಗಳು ಚಂದ್ರನ ಸುತ್ತ ಬಿಟ್ಟುಬಂದ ಪುಟ್ಟ ಉಪಗ್ರಹಗಳ ಎಲೆಕ್ಟ್ರಾನ್ ಅಳತೆಯಿಂದ ಚಂದ್ರನ ನೆಲದ ಕಾಂತತ್ವವನ್ನು ಗುರುತಿಸಿದ ಕೆಲಸದಲ್ಲೂ ಅವರ ಪಾಲಿದೆ. ಆದರೆ ಅವರು ಕೈಬಿಡದೆ ಹಿಡಿದ ಪ್ರಶ್ನೆ ಒಂದೇ: ಜ್ವಾಲೆಯ ಶಕ್ತಿ ಹೋಗುವುದೆಲ್ಲಿಗೆ?

1976ರಲ್ಲಿ ಹ್ಯೂ ಹಡ್ಸನ್ ಜೊತೆ ಅವರು ಹಾಕಿದ ಲೆಕ್ಕ ಹೀಗಿತ್ತು. ದೊಡ್ಡ ಜ್ವಾಲೆಯ ಒಟ್ಟು ಶಕ್ತಿಯಲ್ಲಿ ಶೇಕಡಾ 10ರಿಂದ 50ರಷ್ಟನ್ನು ವೇಗದ ಎಲೆಕ್ಟ್ರಾನುಗಳೇ ಹೊತ್ತೊಯ್ಯುತ್ತವೆ. ಅಂದರೆ ಈ ಎಲೆಕ್ಟ್ರಾನುಗಳು ಬೆಂಕಿಯಿಂದ ಹಾರಿದ ಕಿಡಿಗಳಲ್ಲ, ಬೆಂಕಿಯ ಮುಖ್ಯ ಭಾಗವೇ ಅವು. ಅವು ಸೂರ್ಯನ ದಟ್ಟ ಪದರಕ್ಕೆ ಬಡಿದು ತಡೆ ಕಂಡಾಗ ಬಿರುಸಾದ ಎಕ್ಸ್-ಕಿರಣ ಹೊಮ್ಮುತ್ತದೆ. ಕಿರಣದ ಕಣಗಳನ್ನು ಒಂದೊಂದಾಗಿ ಎಣಿಸಿ, ಪ್ರತಿಯೊಂದರ ಶಕ್ತಿ ಅಳೆದರೆ ಎಲೆಕ್ಟ್ರಾನುಗಳ ಲೆಕ್ಕ ಸಿಗುತ್ತದೆ.

ಕಷ್ಟ ಇರುವುದು ಆ ಅಳತೆಯಲ್ಲೇ. ಆಗ ಬಳಕೆಯಲ್ಲಿದ್ದ ಸೋಡಿಯಂ ಅಯೋಡೈಡ್ ಹರಳು ಶಕ್ತಿಯನ್ನು ಹಲವು ಕಿಲೋ ಎಲೆಕ್ಟ್ರಾನ್‌ವೋಲ್ಟ್ ಆಚೀಚೆ ಹೇಳುತ್ತಿತ್ತು. ಅದಕ್ಕಿಂತ ಎಷ್ಟೋ ಕರಾರುವಾಕ್ಕಾಗಿ ಅಳೆಯುವ ಜರ್ಮೇನಿಯಂ ಹರಳುಗಳನ್ನು ಲಿನ್ ತಂಡ 1980ರ ಜೂನ್ 27ರಂದು ಬಲೂನಿನಲ್ಲಿ ಹಾರಿಸಿತು. ಅಂದಿನ ಒಂದು ಜ್ವಾಲೆಯಲ್ಲಿ ಸುಮಾರು 3.4 ಕೋಟಿ ಡಿಗ್ರಿ ಬಿಸಿಯ ಅನಿಲ ಕಂಡಿತು. ಹಳೆಯ ಹರಳಿನಲ್ಲಾಗಿದ್ದರೆ ಅದು ಎಲೆಕ್ಟ್ರಾನುಗಳ ಕಿರಣದೊಳಗೇ ಬೆರೆತು ಮರೆಯಾಗುತ್ತಿತ್ತು. ಅದೇ ಹಾರಾಟದ 141 ನಿಮಿಷಗಳ ದಾಖಲೆಯಲ್ಲಿ ಸುಮಾರು 25 ಕಿರುಜ್ವಾಲೆಗಳೂ ಸಿಕ್ಕವು. ಒಂದು ಬಲೂನಿಗೆ ಇಷ್ಟು ಫಲ ಬಂದದ್ದು ಅಪರೂಪವೇ.

ಮುಂದಿನ ಹೆಜ್ಜೆ ರೆಸ್ಸಿ ಎಂಬ ಉಪಗ್ರಹ. ಒಂಬತ್ತು ಜರ್ಮೇನಿಯಂ ಹರಳು, ಒಂದೊಂದೂ ಸುಮಾರು 7 ಸೆಂಟಿಮೀಟರ್ ಅಡ್ಡಗಲ. ಕೋಣೆಯ ಬಿಸಿಯಲ್ಲಿ ಜರ್ಮೇನಿಯಂ ತಾನಾಗಿಯೇ ಎಲೆಕ್ಟ್ರಾನು ಬಿಟ್ಟು ಗದ್ದಲವೆಬ್ಬಿಸುತ್ತದೆ, ಅದಕ್ಕೇ ಮೈನಸ್ 198 ಡಿಗ್ರಿಯ ಆಸುಪಾಸಿಗೆ ತಣಿಸುವ ಯಂತ್ರ. ಇಷ್ಟು ಬಿರುಸಿನ ಕಿರಣವನ್ನು ಗಾಜಿನ ಮಸೂರ ಬಾಗಿಸಲಾರದು. ಹಾಗಾದರೆ ಚಿತ್ರ ತೆಗೆಯುವುದು ಹೇಗೆ? ರಾತ್ರಿ ಮಂಡ್ಯದ ಕಡೆ ಬಸ್ಸಿನಲ್ಲಿ ಹೋಗುವಾಗ ತೆಂಗಿನ ಸಾಲುಗಳ ಆಚೆಗಿರುವ ಪಂಪ್‌ಸೆಟ್ ಮನೆಯ ದೀಪ ಮಿನುಗಿದಂತೆ ಕಾಣುತ್ತದಲ್ಲ, ಆ ಮಿನುಗಿನ ಲಯ ದೀಪ ಎಲ್ಲಿದೆ ಎಂಬುದರ ಮೇಲೆ ನಿಂತಿರುತ್ತದೆ. ರೆಸ್ಸಿಯೂ ಹಾಗೇ. ಪ್ರತಿ ಹರಳಿನ ಮುಂದೆ ಒಂದೂವರೆ ಮೀಟರ್ ಅಂತರದಲ್ಲಿ ಎರಡು ಲೋಹದ ಜಾಲರಿ, ಅತಿ ಸಣ್ಣ ಜಾಲರಿಯ ಸೀಳುಗಳ ನಡುವೆ 34 ಮೈಕ್ರಾನ್. ಉಪಗ್ರಹ ನಾಲ್ಕು ಸೆಕೆಂಡಿಗೊಮ್ಮೆ ಸುತ್ತು ಹಾಕುವಾಗ ಏಳುವ ಮಿನುಗಿನಿಂದ ಗಣಿತವೇ ಚಿತ್ರ ಬಿಡಿಸುತ್ತದೆ.

ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರುತ್ತದೆ. ಒಬ್ಬ ಸಂಶೋಧಕನ ಪಾಲಿಗೆ ಬರುವುದು ಮೂರೋ ನಾಲ್ಕೋ ಏರು, ಉಪಕರಣ ಕಟ್ಟಲು ಹಿಡಿಯುವುದು ಹತ್ತು ವರ್ಷ. ರೆಸ್ಸಿ 2000ದ ಜುಲೈಗೆ ಹಾರಬೇಕಿತ್ತು. ಮಾರ್ಚ್‌ನಲ್ಲಿ ಅಲುಗಾಟದ ಪರೀಕ್ಷೆಯ ಮೇಜು ಕೈಕೊಟ್ಟು, ಉದ್ದೇಶಿಸಿದ್ದಕ್ಕಿಂತ ಸುಮಾರು ಹತ್ತು ಪಟ್ಟು ಜೋರಾಗಿ ಉಪಗ್ರಹವನ್ನು ಕುಲುಕಿತು. ರಿಪೇರಿ ಮುಗಿದು ಹಾರುವಷ್ಟರಲ್ಲಿ 2002ರ ಫೆಬ್ರವರಿ 5. ಪುಣ್ಯಕ್ಕೆ ಸೂರ್ಯ ಇನ್ನೂ ತಣ್ಣಗಾಗಿರಲಿಲ್ಲ. ಅದೇ ವರ್ಷದ ಜುಲೈ 23ರ ಜ್ವಾಲೆಯಲ್ಲಿ ಮೊದಲ ಬಾರಿಗೆ ಗಾಮಾ ಕಿರಣದ ಚಿತ್ರ ಸಿಕ್ಕಿತು. ಗಾಮಾ ಕಿರಣ ಹೊಮ್ಮಿಸುವ ಭಾರದ ಅಯಾನುಗಳು ಬಡಿದ ಜಾಗ, ಎಲೆಕ್ಟ್ರಾನು ಬಡಿದ ಜಾಗಕ್ಕಿಂತ ಸುಮಾರು 15,000 ಕಿಲೋಮೀಟರ್ ಆಚೆಗಿತ್ತು. ಎರಡೂ ಒಂದೇ ಕಡೆ ಬೀಳುತ್ತವೆ ಎಂದುಕೊಂಡಿದ್ದವರಿಗೆ ಇದು ಇರಿಸುಮುರಿಸು ತಂದಿತು.

ಬಾಹ್ಯಾಕಾಶದ ಪ್ರೋಟಾನುಗಳು ವರ್ಷಗಟ್ಟಲೆ ಬಡಿದು ಹರಳಿನೊಳಗಿನ ಪರಮಾಣುಗಳನ್ನು ಜಾಗ ತಪ್ಪಿಸುತ್ತವೆ, ಅಳತೆ ಮಸುಕಾಗುತ್ತದೆ. ಮದ್ದು ಏನೆಂದರೆ ತಣಿಸುವ ಯಂತ್ರ ನಿಲ್ಲಿಸಿ, ಕುದಿನೀರಿಗೆ ಹತ್ತಿರದ ಬಿಸಿಯಲ್ಲಿ ಹರಳನ್ನು ಕೆಲವು ದಿನ ಕಾಯಿಸುವುದು. 2007ರಲ್ಲಿ ಮೊದಲ ಬಾರಿ ಹೀಗೆ ಮಾಡಿದರು. ಎರಡು ವರ್ಷದ ಬಾಳಿಕೆಗೆಂದು ಕಟ್ಟಿದ್ದು 2018ರವರೆಗೆ ದುಡಿಯಿತು.

ಈಗ ಆ ಸರದಿ ನಮ್ಮ ಆದಿತ್ಯ ಎಲ್1ರದ್ದು. ಭೂಮಿಗೆ 600 ಕಿಲೋಮೀಟರ್ ಮೇಲಿದ್ದ ರೆಸ್ಸಿಗೆ ಸುತ್ತು ಸುತ್ತಿಗೂ ರಾತ್ರಿ ಕವಿಯುತ್ತಿತ್ತು. 15 ಲಕ್ಷ ಕಿಲೋಮೀಟರ್ ದೂರದ ಆದಿತ್ಯನಿಗೆ ರಾತ್ರಿಯೇ ಇಲ್ಲ. ಅದರಲ್ಲಿರುವ ಎರಡು ಉಪಕರಣಗಳಲ್ಲಿ ಸೋಲೆಕ್ಸ್ ಮೆದು ಎಕ್ಸ್-ಕಿರಣವನ್ನು 2ರಿಂದ 22, ಹೆಲಿಯೋಸ್ ಬಿರುಸು ಎಕ್ಸ್-ಕಿರಣವನ್ನು 10ರಿಂದ 150 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಅಳೆಯುತ್ತವೆ. ಎರಡನ್ನೂ ಕಟ್ಟಿದ್ದು ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರ. ಇವು ಚಿತ್ರ ತೆಗೆಯುವುದಿಲ್ಲ, ಎಣಿಸುತ್ತವೆ ಅಷ್ಟೆ. ಮಾಹಿತಿಯನ್ನು ಕಾಪಿಡುವ ಕೇಂದ್ರ ಮೈಸೂರು-ಬೆಂಗಳೂರು ಹಾದಿಯಲ್ಲಿ ಬಿಡದಿ ಸಮೀಪದ ಬ್ಯಾಲಾಳುವಿನಲ್ಲಿದೆ. ಅದರ ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಮಾನಸಗಂಗೋತ್ರಿಯ ಎಂ.ಎಸ್ಸಿ. ವಿದ್ಯಾರ್ಥಿಯೂ ಕಡತಗಳನ್ನು ಇಳಿಸಿಕೊಳ್ಳಬಹುದು.

ಇಳಿಸಿಕೊಂಡ ಮೇಲೆ ಅವಸರ ಬೇಡ. ಜ್ವಾಲೆಗೆ ಮೊದಲಿನ ಮತ್ತು ನಂತರದ ಶಾಂತ ಹೊತ್ತಿನ ಎಣಿಕೆಯನ್ನು ಕಳೆಯಿರಿ. ಬರೀ ಮೊದಲಿನದನ್ನು ಕಳೆದರೆ ಹಿನ್ನೆಲೆ ನಿಧಾನವಾಗಿ ಏರಿದ್ದೂ ಜ್ವಾಲೆಯ ಲೆಕ್ಕಕ್ಕೆ ಸೇರಿಬಿಡುತ್ತದೆ. ದೊಡ್ಡ ಜ್ವಾಲೆಯಲ್ಲಿ ತಲಾ 10 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನ ಎರಡು ಕಣ ಒಟ್ಟಿಗೆ ಬಿದ್ದರೆ ಉಪಕರಣ ಅದನ್ನು 20ರ ಒಂದೇ ಕಣವೆಂದು ಬರೆದುಕೊಳ್ಳುತ್ತದೆ. ಸೋಲೆಕ್ಸ್‌ನಲ್ಲಿ ದೊಡ್ಡ ಕಿಂಡಿಯದೊಂದು, ಸಣ್ಣ ಕಿಂಡಿಯದೊಂದು ಪತ್ತೆಕ ಇರುವುದು ಇದಕ್ಕೇ. ಜೋರು ಜ್ವಾಲೆಗೆ ಸಣ್ಣ ಕಿಂಡಿಯದನ್ನೇ ನೆಚ್ಚಿಕೊಳ್ಳಿ. ಕೊನೆಗೆ, ಮೆದು ಕಿರಣದ ಏರಿಕೆಯ ದರವನ್ನು ಬಿರುಸು ಕಿರಣದ ಎಣಿಕೆಯ ಪಕ್ಕ ಇಟ್ಟು ನೋಡಿ. 1968ರಲ್ಲಿ ವರ್ನರ್ ನ್ಯೂಪರ್ಟ್ ಎಂಬ ವಿಜ್ಞಾನಿ ಮೆದು ಕಿರಣಕ್ಕೂ ಸೂರ್ಯನ ರೇಡಿಯೋ ಅಲೆಗಳಿಗೂ ನಡುವೆ ಇಂಥದೇ ನಂಟನ್ನು ಗಮನಿಸಿದ್ದರು. ಬಹಳಷ್ಟು ಜ್ವಾಲೆಗಳಲ್ಲಿ ಎರಡರ ಆಕಾರವೂ ಒಂದೇ ತೆರನಾಗಿರುತ್ತದೆ. ಹೊಂದದ ಜ್ವಾಲೆಗಳೂ ಉಂಟು. ಆದರೆ ಹಾಗೆಂದು ಬರೆಯುವ ಮುಂಚೆ ಎರಡು ಉಪಕರಣಗಳ ಗಡಿಯಾರ ತಾಳೆಯಾಗುತ್ತಿದೆಯೇ ನೋಡಿಕೊಳ್ಳಿ.

ನಮಸ್ಕಾರ.