ಮನ್ಸೂರರ ತಾನ, ಟಕ್, ಪ್ರೇಮಲೋಕ

ವಿಡಿಯೋದ ಶುರುವಲ್ಲಿ ಅಟ್ಟದಿಂದ ಡಬ್ಬ ಇಳಿಸಿದ್ದನ್ನು ನೋಡಿದಿರಲ್ಲ, ಅದನ್ನು ಮತ್ತೆ ಹೇಳೋಲ್ಲ. ಸೊಂಟ ಇನ್ನೂ ನೋಯುತ್ತಿದೆ. ಒಳಗೆ 43 ಕ್ಯಾಸೆಟ್ ಇವೆ. ಎರಡನೇ ಸಲ ಎಣಿಸಿದಾಗ 44 ಬಂತು. ಇರಲಿ ಬಿಡಿ.

ನಿಮಗೆ ಎಂಥ ಸಂಗೀತ ಇಷ್ಟ ಅಂತ ಯಾರಾದರೂ ಕೇಳಿದರೆ ನಾನು ತಬ್ಬಿಬ್ಬಾಗುತ್ತೇನೆ. ಇವತ್ತು ಈ ಡಬ್ಬವನ್ನೇ ತೋರಿಸಿ ಪಾರಾಗೋಣ ಅಂತ. ಈಗ ಕೈಯಲ್ಲಿರೋದು ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ, ಅಮ್ಮನದು. ಅದರ ಕೆಳಗಿರೋದು ಗಂಗೂಬಾಯಿ ಹಾನಗಲ್, ಅಪ್ಪಂದು. ಚಿಕ್ಕವಳಿದ್ದಾಗ ಆ ಧ್ವನಿ ಕೇಳಿ ಯಾರೋ ಗಂಡಸರು ಹಾಡುತ್ತಿದ್ದಾರೆ ಅಂದುಕೊಂಡಿದ್ದೆ. ಇದು ಯಕ್ಷಗಾನದ ಕಾಳಿಂಗ ನಾವಡರ ಭಾಗವತಿಕೆ. ಕುಂದಾಪುರದ ಮಾವ ತಂದುಕೊಟ್ಟಿದ್ದು. ಮೈಸೂರಿನ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಚಂಡೆ ಹಾಕಿದರೆ ಪಕ್ಕದ ಮನೆಯವರು ಏನಂತಾರೆ ಹೇಳಿ? ಅದನ್ನೇ ಅಂದರು. ಈ ನೀಲಿ ಕವರ್‌ದು ಇಳಯರಾಜ, 'ಗೀತಾ', 1981. ಇದನ್ನು ಇಷ್ಟ ಇಲ್ಲ ಅನ್ನೋರ ಜೊತೆ ನಾನು ಊಟಕ್ಕೆ ಕೂರೋಲ್ಲ.

ಸರಿ, ಟೇಪ್ ರೆಕಾರ್ಡರ್. ಪ್ಲೇ ಒತ್ತಿದೆ. ಗುರ್ರ್ ಅಂತು, ಅಷ್ಟೇ. ಮುಚ್ಚಳ ಬಿಚ್ಚಿದೆ. ನೋಡಿ, ಆ ಕಪ್ಪು ಗಲೀಜು ಕಾಣಿಸುತ್ತಾ? ಅದು ಒಂದು ಕಾಲದಲ್ಲಿ ರಬ್ಬರ್ ಬೆಲ್ಟ್ ಆಗಿತ್ತು. ವರ್ಷಗಟ್ಟಲೆ ಸುಮ್ನೆ ಇಟ್ಟರೆ ರಬ್ಬರು ಕರಗಿ ಡಾಂಬರಿನ ಹಾಗೆ ಆಗುತ್ತೆ. ನನಗೆ ಗೊತ್ತಿರಲಿಲ್ಲ. ಬೆರಳು ಹಾಕಿದೆ. ಅಲ್ಲಿಂದ ಶುರುವಾಯಿತು. ಬೆರಳಿಂದ ಚೂಡಿದಾರಕ್ಕೆ, ಅಲ್ಲಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಕೆನ್ನೆಗೆ. ಸೋಪು ಹಾಕಿದೆ, ಇನ್ನೂ ಹರಡಿತು. ಕೊಬ್ಬರಿ ಎಣ್ಣೆಗೆ ಸ್ವಲ್ಪ ಬಿಟ್ಟಿತು. ಕೊನೆಗೆ ಸ್ಪಿರಿಟ್ಟು, ಹತ್ತಿ, ಮುಕ್ಕಾಲು ಗಂಟೆ. ಆ ಬಿಳಿ ಟವೆಲ್ ನಮ್ಮತ್ತೆಯದು. ಅವರು ಈ ವಿಡಿಯೋ ನೋಡೋಲ್ಲ ಅಂತ ನಂಬಿದ್ದೇನೆ.

ಆಮೇಲೆ ರಿಪೇರಿ ಅಂಗಡಿಗೆ ಹೊರಟೆ. ಯಾವ ಅಂಗಡಿ ಅಂತ ಹೇಳೋಲ್ಲ, ಯಾಕೆ ಅಂತ ಈಗ ಗೊತ್ತಾಗುತ್ತೆ. ಬೆಲ್ಟಿಗೆ 60 ರೂಪಾಯಿ, ಸರಿ. ಕೂಲಿ ಎಷ್ಟು? 900! ನಾನು ಯಜಮಾನರ ಮುಖ ನೋಡಿದೆ, ಯಜಮಾನರು ಫ್ಯಾನ್ ನೋಡಿದರು. "ನೋಡಮ್ಮ, ಇದನ್ನ ಬಿಚ್ಚೋರು ಈಗ ಯಾರೂ ಇಲ್ಲ," ಅಂದರು. ಬಿಚ್ಚಿಕೊಂಡೇ ತಂದಿದ್ದೇನಲ್ಲ ಅಂದೆ. "ಹಾಗೆ ತಂದಿದ್ದಕ್ಕೇ ಜಾಸ್ತಿ. ಸ್ಕ್ರೂ ಎಲ್ಲಿ?" ಅಂದರು. ಸ್ಕ್ರೂ ಮನೆಯಲ್ಲಿತ್ತು. ನಾಲ್ಕರಲ್ಲಿ ಮೂರು. 900 ರೂಪಾಯಿಗೆ ಎಷ್ಟು ತಿಂಗಳು ಆ್ಯಪ್‌ನಲ್ಲಿ ಬೇಕಾದ್ದೆಲ್ಲ ಕೇಳಬಹುದು ಅಂತ ಲೆಕ್ಕ ಹಾಕಿದೆ. ಬಹಳ ತಿಂಗಳು ಬಂತು. ಸಿಟ್ಟಲ್ಲಿ ಬೆಲ್ಟ್ ಮಾತ್ರ ಕೊಂಡು ಎದ್ದುಬಂದೆ. ಮೂಲೆ ತಿರುಗುವಷ್ಟರಲ್ಲಿ ಪಶ್ಚಾತ್ತಾಪ. ಆದರೂ ವಾಪಸ್ ಹೋಗಲಿಲ್ಲ.

ಇದು ಹಾರ್ಡಿಂಜ್ ಸರ್ಕಲ್. ಮಧ್ಯೆ ನಿಂತಿರೋದು ಜಯಚಾಮರಾಜ ಒಡೆಯರ್. ನನ್ನ ಅಭಿರುಚಿ ಚಿತ್ರಾನ್ನ ಅಂತ ಗಂಡ ಆಡಿಕೊಂಡಾಗಲೆಲ್ಲ ನಾನು ಇವರನ್ನೇ ಎಳೆದು ತರುತ್ತೇನೆ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದ ಮಹಾರಾಜರು. ಪಿಯಾನೋ ಕಲಿತವರು. ಮೆಟ್ನರ್ ಅಂತ ರಷ್ಯಾದ ಸಂಯೋಜಕ, ವಯಸ್ಸಾಗಿ ಲಂಡನ್ನಿನಲ್ಲಿ ಕಷ್ಟದಲ್ಲಿದ್ದಾಗ ಆತನ ಸಂಗೀತ ರೆಕಾರ್ಡ್ ಆಗಲಿ ಅಂತ ದುಡ್ಡು ಕೊಟ್ಟಿದ್ದು ಮೈಸೂರು! ರಿಚರ್ಡ್ ಸ್ಟ್ರಾಸ್ ಸಾಯೋ ಮುಂಚೆ ಬರೆದ ನಾಲ್ಕು ಹಾಡುಗಳನ್ನು 1950ರಲ್ಲಿ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಸಲ ಹಾಡಿದಾಗಲೂ ಖರ್ಚಿಗೆ ಬೆನ್ನಿಗೆ ನಿಂತವರು ಇವರೇ. ಅವರದ್ದೂ ಚಿತ್ರಾನ್ನವೇ ಅಲ್ವಾ? ಮೆಟ್ನರ್‌ನ ನಾನೂ ಕೇಳಿದೆ. ಬೇಜಾರಾಯಿತು. ಮಹಾರಾಜರ ಮರ್ಯಾದೆಗೆ ಇನ್ನೊಂದು ಸಲ ಕೇಳಿದೆ. ಈಗ ಪಾತ್ರೆ ತೊಳೆಯುವಾಗ ಅದೇ ಹಾಕುತ್ತೇನೆ.

ಕದ್ರಿ ಗೋಪಾಲನಾಥ್ ಅವರಿಗೆ ಸ್ಯಾಕ್ಸೋಫೋನ್ ಹುಚ್ಚು ಹಿಡಿದಿದ್ದೂ ಇಲ್ಲಿಯ ಅರಮನೆ ಬ್ಯಾಂಡ್ ಕೇಳಿದ ಮೇಲೆ. ಸ್ಯಾಕ್ಸೋಫೋನ್ ಬರೀ ಮದುವೆ ಮನೆಗೆ ಲಾಯಕ್ಕು ಅಂತ ನಾನು ಹಿಂದೆ ಒಂದು ವಿಡಿಯೋದಲ್ಲಿ ಹೇಳಿದ್ದೆ. ಆ ಮಾತು ವಾಪಸ್ ತಗೊಳ್ಳುತ್ತೇನೆ. ಅರೆ, ಹಿಂದಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಮುಗೀತು ಈ ಶಾಟ್.

ಮನೆ. ಬೆಲ್ಟ್ ನಾನೇ ಹಾಕಿದೆ. ನೋಡಿ, ಕೂತಿದೆ! ಈಗ ಈ ಕ್ಯಾಸೆಟ್. ಸಿ-60, ಒಂದೊಂದು ಕಡೆ ಅರ್ಧ ಗಂಟೆ. ಮೇಲಿನ ಅಂಚಲ್ಲಿ ಸೆಲ್ಲೋಟೇಪ್ ಅಂಟಿಸಿದ್ದು ಕಾಣಿಸುತ್ತಾ? ಅಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲು ಇರುತ್ತೆ. ಅದನ್ನು ಮುರಿದರೆ ಇನ್ನು ಯಾರೂ ಮೇಲೆ ರೆಕಾರ್ಡ್ ಮಾಡುವಂತಿಲ್ಲ. ಅಪ್ಪ ಮುರಿದಿದ್ದರು. ಅಣ್ಣ ತೂತು ಮುಚ್ಚಿದ. ಅಪ್ಪ ಧಾರವಾಡದಲ್ಲಿ ಕೆಲಸದಲ್ಲಿದ್ದಾಗ ಆಕಾಶವಾಣಿಯಿಂದ ಹಿಡಿದಿಟ್ಟ ಮಲ್ಲಿಕಾರ್ಜುನ ಮನ್ಸೂರರ ಗಾಯನ ಅದು. 1987ರಲ್ಲಿ ಪ್ರೇಮಲೋಕ ಬಂತು. ಇಡೀ ಬೀದಿಗೇ ಜ್ವರ ಬಂದ ಹಾಗಿತ್ತು. ಹೊಸ ಕ್ಯಾಸೆಟ್‌ಗೆ ಅಣ್ಣನ ಹತ್ತಿರ ಕಾಸಿರಲಿಲ್ಲ. ಸ್ನೇಹಿತನಿಂದ ತಂದು ಇದರ ಮೇಲೇ ಇಳಿಸಿಬಿಟ್ಟ. ಅಪ್ಪ ಮೂರು ದಿನ ಅವನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಅವರೇ ಹಂಸಲೇಖರ ಟ್ಯೂನ್ ಗುನುಗುತ್ತಾ ಕ್ಷೌರ ಮಾಡಿಕೊಳ್ಳುತ್ತಿದ್ದರು.

ಪ್ಲೇ ಒತ್ತುತ್ತೇನೆ. ನಿಮಗೆ ಏನೂ ಕೇಳಿಸೋಲ್ಲ, ಸದ್ದು ತೆಗೆದಿದ್ದೇನೆ. ಕಾಪಿರೈಟ್ ಬಿದ್ದರೆ ವಿಡಿಯೋನೇ ಹೋಗುತ್ತೆ. ಸಂಗೀತದ ವಿಡಿಯೋದಲ್ಲಿ ಸಂಗೀತವೇ ಇಲ್ಲ, ನೋಡಿ ನಮ್ಮ ಹಣೆಬರಹ. ನಾನೇ ಹೇಳುತ್ತೇನೆ, ಕೇಳಿಸಿಕೊಳ್ಳಿ. ಬೆಲ್ಟ್ ಸ್ವಲ್ಪ ಬಿಗಿಯೇನೋ, ಮನ್ಸೂರರ ಧ್ವನಿ ಒಂದು ಎಳೆ ಏರಿದೆ. ತಾನ, ಅಂದರೆ ಸ್ವರಗಳ ವೇಗದ ಓಟ, ಶುರುವಾಗಿದೆ. ಮೇಲೆ ಹೋಗುತ್ತಿದೆ, ಹೋಗುತ್ತಿದೆ... ಈಗ ಉಸಿರು ತಗೋತಾರೆ...

ಟಕ್. ಗಿಟಾರು.

ನನ್ನ ಮುಖ ನೋಡಿ, ನಗು ತಡೆಯೋಕಾಗಲಿಲ್ಲ. ಇವತ್ತಿಗೂ ಬೇರೆಲ್ಲಾದರೂ ಆ ರಾಗ ಕೇಳಿದರೆ, ತಾನ ಆ ಜಾಗಕ್ಕೆ ಬಂದ ಕೂಡಲೇ ನನ್ನ ಕಿವಿ ಗಿಟಾರಿಗೆ ಕಾಯುತ್ತೆ. ಬರಲಿಲ್ಲ ಅಂದರೆ ಗಾಯಕರೇ ಏನೋ ಮರೆತರು ಅನಿಸುತ್ತೆ. ಆ್ಯಪ್‌ನಲ್ಲಿ ಇವೆರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿರುತ್ತಾರೆ. ನಮ್ಮ ಮನೆಯಲ್ಲಿ ಒಂದೇ ರೀಲು.

ಷರೀಫರ ಪದಗಳನ್ನು ಅಶ್ವತ್ಥ್ ಬಿಟ್ಟು ಇನ್ಯಾರೂ ಹಾಡಬಾರದು ಅಂತ ಹೇಳಬೇಕು ಅಂತಿದ್ದೆ. ಮಗಳು ಪಕ್ಕದಲ್ಲೇ ಕೂತು "ಅಮ್ಮ, ರಘು ದೀಕ್ಷಿತ್?" ಅಂದಳು. ಹ್ಞೂಂ, ಅವರೊಬ್ಬರು ಹಾಡಬಹುದು.

ಬಿ ಸೈಡ್ ಹಾಕೋಣ. ಅದರಲ್ಲಿ ಏನಿದೆ ಅಂತ ನನಗೂ ನೆನಪಿಲ್ಲ, ಚೀಟಿ ಉದುರಿಹೋಗಿದೆ. ತಿರುಗಿಸುತ್ತೇನೆ... ಅಯ್ಯೋ, ಇದೇನು, ಅಜ್ಜಿ ಕೆಮ್ಮುತ್ತಿರೋದು? ಅಣ್ಣಂಗೆ ಫೋನ್ ಮಾಡು ಪುಟ್ಟಿ, ಬೇಗ. ಕ್ಯಾಮೆರಾ ಆಫ್ ಮಾಡ್ತೀನಿ, ಇರಿ.