ಎತ್ತಿನ ಕಣ್ಣಲ್ಲಿ ಜೋಳ ಹುಟ್ಟಿತು

ಕೊಪ್ಪಳ ತಾಲೂಕಿನ ಎಲ್ಲಾ ಹಳ್ಳಿಗಳಿಂದ ಬಂದಿರುವ ಗುರುಗಳಿಗೆ, ಪಾಲಕರಿಗೆ, ಅಂಗನವಾಡಿ ಅಕ್ಕಂದಿರಿಗೆ ನಮಸ್ಕಾರ.

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನು ನಾಲ್ಕೇ ದಿನ. ಬರುವಾಗ ಪೇಟೆಯಲ್ಲಿ ನೋಡಿದೆ. ಅಚ್ಚಿನಲ್ಲಿ ಒತ್ತಿ, ಬಣ್ಣ ಬಳಿದ ಎತ್ತುಗಳು ಸಾಲಾಗಿ ಕೂತಿವೆ. ಮಾಡುವವರ ಹೊಟ್ಟೆಪಾಡು ಅದು, ಅವರ ಮೇಲೆ ನನಗೆ ಬೇಸರ ಇಲ್ಲ. ಆದರೆ ಈ ಹಬ್ಬದಲ್ಲಿ ಹಳ್ಳಕ್ಕೆ ಹೋಗಿ ಮಣ್ಣು ತರೋದು, ಕಲಸೋದು, ಎತ್ತು ಮಾಡೋದು ಮಕ್ಕಳ ಪಾಲಿನ ಕೆಲಸ ಆಗಿತ್ತು. ಅದನ್ನ ನಾವು ಅವರ ಕೈಯಿಂದ ಕಿತ್ತುಕೊಂಡೆವು. ಮಕ್ಕಳ ಕೈಗೆ ಮಣ್ಣು ಹತ್ತಬೇಕು. ಇವತ್ತು ನಾನು ಹೇಳಲು ಬಂದಿರೋದು ಇದೊಂದೇ ಮಾತು.

ನಾನು ಐದನೇ ತರಗತಿಗೆ ಪಾಠ ಮಾಡುತ್ತಿದ್ದಾಗಿನ ಸಂಗತಿ ಹೇಳುತ್ತೇನೆ. ಒಬ್ಬ ಹುಡುಗ ಇದ್ದ. ಓದು ಅಂದರೆ ತಲೆ ತಗ್ಗಿಸುತ್ತಿದ್ದ. ಅಮಾವಾಸ್ಯೆ ಹಿಂದಿನ ದಿನ ಶಾಲೆ ಹಿಂದಿನ ಕೆಂಪು ಮಸಾರಿ ಮಣ್ಣಲ್ಲೇ ಎಲ್ಲರಿಗೂ ಎತ್ತು ಮಾಡಲು ಹೇಳಿದೆ. ಒಂದಕ್ಕೂ ಕಾಲು ನಿಲ್ಲಲಿಲ್ಲ. ಆಗ ಅವನು ಎದ್ದು ಬಂದ. "ಸರ, ಇದು ಮಸಾರಿ ಮಣ್ಣ್ರಿ, ಉದುರತೈತಿ. ಹಳ್ಳದ ಎರಿಮಣ್ಣು ಬೇಕ್ರಿ. ಅದೂ ಬರೀ ಎರಿಮಣ್ಣಾದ್ರ ಒಣಗಿ ಬಿರಿತೈತ್ರಿ, ಒಂದೀಟು ಉಸುಕು ಕಲಸ್ಬೇಕ್ರಿ" ಅಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಅವನು ಹೇಳಿದ್ದು ಖರೆ ಅಲ್ವಾ? ಎರೆ ಮಣ್ಣು, ಅಂದರೆ ನಮ್ಮ ಕಪ್ಪು ಮಣ್ಣು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ನಮ್ಮ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯೋದು ಅದಕ್ಕೇ. ವಿಜ್ಞಾನದ ಒಂದು ಪಾಠ ಅವನ ಅಂಗೈಯಲ್ಲೇ ಇತ್ತು.

ಅವನು ಹೇಳಿದಂತೆ ಮಾಡಿದೆವು. ಎತ್ತುಗಳು ನಿಂತವು. ಕಣ್ಣಿಗೆ ಜೋಳದ ಕಾಳು ಒತ್ತಿದರು. ಹಬ್ಬ ಮುಗಿದ ಮೇಲೆ ನಳದ ಪಕ್ಕದ ತೇವದಲ್ಲಿ ಎತ್ತುಗಳನ್ನ ಇಟ್ಟರು. ನಾಲ್ಕನೇ ದಿನ ಒಬ್ಬ ಹುಡುಗಿ ಓಡಿ ಬಂದಳು. "ಸರ, ಎತ್ತಿನ ಕಣ್ಣಾಗ ಜೋಳ ಹುಟ್ಟೈತ್ರಿ!" ಇಡೀ ತರಗತಿ ಎದ್ದು ಓಡಿತು. ಬಲಗಣ್ಣಿಂದ ಸೂಜಿಯಂಥ ಹಸಿರು ಮೊಳಕೆ, ಕೆಳಗೆ ಬಿಳಿ ಬೇರು ಎತ್ತಿನ ಕೆನ್ನೆ ಮೇಲೆ ಇಳಿದಿತ್ತು. ಎಡಗಣ್ಣು ಹಾಗೇ ಇತ್ತು. "ಇದ್ಯಾಕ ಹುಟ್ಟಿಲ್ರಿ?" ಅಂತ ಕೇಳಿದರು. ಕಾಳು ತೆಗೆದು ನೋಡಿದೆವು, ಹುಳ ಹೊಡೆದಿತ್ತು. ಮರುದಿನ ಪ್ರತಿಯೊಬ್ಬರೂ ಜೇಬಲ್ಲಿ ಕಾಳು ತಂದರು. ನಮ್ಮ ಶಾಲೆಯ ಕೈತೋಟ ಶುರುವಾದದ್ದು ಹೀಗೆ.

ಒಬ್ಬ ತಾಯಿ ಬಂದು ಬೇಜಾರು ಮಾಡಿಕೊಂಡರು, ಅಂಗಿ ತುಂಬಾ ಕೆಸರು ಅಂತ. ಅಮ್ಮಾ, ಅಂಗಿ ತೊಳೆದರೆ ಹೋಗುತ್ತದೆ, ಮಕ್ಕಳ ಕೈಗೆ ಮಣ್ಣು ಹತ್ತಲಿ ಅಂದೆ. ಮುಂದಿನ ವಾರ ಅವರೇ ಪುಂಡಿಪಲ್ಯದ ಬೀಜ ಕಳಿಸಿದರು.

ಬಿಸಿಲು ಅಂತೀರಿ. ನಿಜ, ಏಪ್ರಿಲ್-ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಬೇಡ. ಬೆಳಗಿನ ಪ್ರಾರ್ಥನೆ ಆದ ಕೂಡಲೇ, ಇಲ್ಲಾ ಕೊನೇ ಪಿರಿಯಡ್‌ನಲ್ಲಿ ಮಕ್ಕಳನ್ನ ಹೊರಗೆ ಬಿಡಿ. ಬೇವಿನ ಮರದ ನೆರಳಾದರೂ ಸಾಕು, ಅಲ್ಲಿನ ಬೆಳಕು ಕೋಣೆಗಿಂತ ಎಷ್ಟೋ ಜಾಸ್ತಿ. ತೈವಾನ್ ದೇಶದಲ್ಲಿ 2010ರಿಂದ ಶಾಲೆ ಮಕ್ಕಳನ್ನ ದಿನಕ್ಕೆ 120 ನಿಮಿಷ ಹೊರಗೆ ಬಿಡುವ ಕಾರ್ಯಕ್ರಮ ನಡೆಸುತ್ತಿದ್ದಾರೆ. ದೂರದ್ದು ಕಾಣದೆ ಎಳೆ ವಯಸ್ಸಿನಲ್ಲೇ ಕನ್ನಡಕ ಬರೋದನ್ನ ಹೊರಗಿನ ಬೆಳಕಿನಿಂದ ತಡೆಯಲು. ಚಿಣಿಪಣಿ, ಲಗೋರಿ ಆಡುವ ಮಕ್ಕಳಿಗೆ ಇದು ಬಿಟ್ಟಿ ಸಿಗುವ ಔಷಧ.

ನೀರಿಲ್ಲ ಅನ್ನಬೇಡಿ. ಬಿಸಿಯೂಟದ ತಟ್ಟೆ ತೊಳೆದ ನೀರು ನುಗ್ಗೆ, ಕರಿಬೇವಿಗೆ ಸಾಕು. ಒಂದು ಮಗುವಿಗೆ ಒಂದು ಗಿಡ ಕೊಡಿ. ಒಣಗಿದರೆ ಬೈಯಬೇಡಿ, ಯಾಕೆ ಒಣಗಿತು ಅಂತ ಜೊತೆಗೆ ಕೂತು ಕಿತ್ತು ನೋಡಿ.

ಚೀಟಿ ಬಂತು, ಐದು ನಿಮಿಷ ಅಂತ. ಹಳೇ ಕಾಲದ ಕಲ್ಲಿನ ಗೋರಿಗಳಿರುವ ಹಿರೇಬೆಣಕಲ್ ಗುಡ್ಡಕ್ಕೆ ಮಕ್ಕಳನ್ನ ಕರೆದೊಯ್ಯುವ ಬಗ್ಗೆ ಹೇಳಬೇಕಿತ್ತು, ಇನ್ನೊಮ್ಮೆ ಹೇಳುತ್ತೇನೆ. 2020ರ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಗೆ 10 ದಿನ ಬ್ಯಾಗ್ ಇಲ್ಲದ ದಿನ ಇವೆ. ಅದರಲ್ಲಿ ಎರಡು ದಿನ ಹೊಲಕ್ಕೆ ಇಡಿ. ಯಾರದೋ ಹೊಲ ಬೇಡ, ನಿಮ್ಮ ಮಕ್ಕಳ ಅಪ್ಪಂದಿರದೇ ಆಗಲಿ.

ಹೊರಗೆ ಕಟ್ಟೆ ಮೇಲೆ ಎರಡು ಬುಟ್ಟಿ ಎರೆಮಣ್ಣು, ಒಂದು ಬುಟ್ಟಿ ಉಸುಕು, ಒಂದು ಪಾವು ಜೋಳ ಇಟ್ಟಿದ್ದೇವೆ. ಊಟಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ತೋಳು ಮಡಚಿಕೊಂಡು ಬನ್ನಿ.